ರೇಡಿಯೋ ನಿಯಂತ್ರಿತ ಆಫ್‌ರೋಡ್ ರೇಸ್ ಕಾರಿನ ಮುಂಭಾಗದ ಸಸ್ಪೆನ್ಷನ್ ಹೊಂದಾಣಿಕೆ

ಮಣ್ಣು, ಕೃತಕ ಹುಲ್ಲುಹಾಸು ಅಥವಾ ಕಾರ್ಪೆಟ್ಟಿನ ಟ್ರ್ಯಾಕಿನಲ್ಲಿ, ದಿಬ್ಬ ಹಾರಿಸಿ ತಿರುವು ತಿರುಗಿಸಿ ದೂರದಿಂದ ಓಡಿಸುವ ಮಾದರಿ ಕಾರುಗಳ ಪಂದ್ಯವನ್ನು ಆಫ್‌ರೋಡ್ ಆರ್‌ಸಿ ರೇಸಿಂಗ್ ಎನ್ನುತ್ತಾರೆ. ಇದರಲ್ಲಿ ಹಲವು ವರ್ಗಗಳಿವೆ. 1/10 ಅಳತೆಯ ವಿದ್ಯುತ್ ಬಗ್ಗಿ, ಟ್ರಕ್, 1/8 ಅಳತೆಯ ನೈಟ್ರೋ ಇಂಧನದ ಮತ್ತು ವಿದ್ಯುತ್ ಬಗ್ಗಿ ಇವು ಮುಖ್ಯವಾದವು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ 1/10 ಬಗ್ಗಿಯನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದೆ. ಅದರಲ್ಲಿ ಮುಂದಿನ ಚಕ್ರಗಳಿಗೆ ಕಾರನ್ನು ತಿರುಗಿಸುವುದೊಂದೇ ಕೆಲಸ. ಹಾಗಾಗಿ ಮುಂಭಾಗದ ಸಸ್ಪೆನ್ಷನ್ ಸರಿಯಿದೆಯೋ ಇಲ್ಲವೋ ಎಂಬುದು ಬೇರೆ ಯಾವ ವರ್ಗಕ್ಕಿಂತಲೂ ಇಲ್ಲಿ ಬೇಗ ಬಯಲಾಗುತ್ತದೆ.

ಇಂಥ ಕಾರಿನ ಮುಂಭಾಗದಲ್ಲಿ ಬದಲಿಸಬಹುದಾದ ಜಾಗಗಳು ಹತ್ತಾರು. ಹೊಸಬರಿಗೆ ಅದೊಂದು ಕಾಡಿನಂತೆ ಕಂಡರೂ ಅಲ್ಲಿ ತಿರುಗಿಸುವ ಪ್ರತಿ ಸ್ಕ್ರೂ, ಸೇರಿಸುವ ಪ್ರತಿ ವಾಷರ್ ಮೂರು ಸಂಗತಿಗಳನ್ನು ಮಾತ್ರ ನಿರ್ಧರಿಸುತ್ತದೆ: ಮುಂದಿನ ಟೈರಿನ ಮೇಲೆ ಎಷ್ಟು ಭಾರ ಬೀಳಬೇಕು, ಅದು ಎಷ್ಟು ಬೇಗ ಬೀಳಬೇಕು, ಆ ಹೊತ್ತಿಗೆ ಟೈರು ನೆಲವನ್ನು ಯಾವ ಕೋನದಲ್ಲಿ ಮುಟ್ಟಿರಬೇಕು. ಕ್ಯಾಂಬರ್, ಕ್ಯಾಸ್ಟರ್, ಟೋ, ಶಾಕ್ ಎಣ್ಣೆ ಎಲ್ಲವನ್ನೂ ಈ ಮೂರರ ಕಣ್ಣಿನಿಂದ ನೋಡಿದರೆ ಒಂದಕ್ಕೊಂದು ಇರುವ ನಂಟು ತಾನಾಗಿ ಕಾಣುತ್ತದೆ.

ಬೆಳೆದು ಬಂದ ದಾರಿ

1979ರಲ್ಲಿ ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಎಂಬ ಎರಡು ಬಗ್ಗಿಗಳನ್ನು ಮಾರುಕಟ್ಟೆಗೆ ತಂದಿತು. ಎರಡರ ಮುಂಭಾಗವೂ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಪಡಿಯಚ್ಚು. ಅಡ್ಡ ಕೊಳವೆಯಿಂದ ಹಿಂದಕ್ಕೆ ಚಾಚಿದ ತೋಳುಗಳ ತುದಿಯಲ್ಲಿ ಚಕ್ರಗಳು. ನೋಡಲು ಬಹಳ ಚೆಂದ, ಗಟ್ಟಿಮುಟ್ಟು ಕೂಡ. ಆದರೆ ಈ ರಚನೆಯಲ್ಲಿ ಕಾರಿನ ಮೈ ಎಷ್ಟು ವಾಲುತ್ತದೋ ಚಕ್ರವೂ ಅಷ್ಟೇ ವಾಲುತ್ತದೆ. ಆಟಗಾರ ಬೇಕೆಂದಂತೆ ಅದನ್ನು ತಿದ್ದಲು ಅವಕಾಶವೇ ಇರಲಿಲ್ಲ.

1984ರಲ್ಲಿ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಎಲೆಕ್ಟ್ರಿಕ್ಸ್ ಹೊರತಂದ ಆರ್‌ಸಿ10 ಆ ಅವಕಾಶವನ್ನು ತೆರೆಯಿತು. ರೋಜರ್ ಕರ್ಟಿಸ್ ವಿನ್ಯಾಸಗೊಳಿಸಿದ ಈ ಕಾರಿಗೆ ಚಿನ್ನದ ಬಣ್ಣದ ಅಲ್ಯೂಮಿನಿಯಂ ತಳ, ಎಣ್ಣೆ ತುಂಬಿದ ಶಾಕ್‌ಗಳು, ಪ್ರತಿ ಚಕ್ರಕ್ಕೂ ಸ್ವತಂತ್ರವಾದ ಕೆಳತೋಳು, ಅದರ ಮೇಲೊಂದು ಲಿಂಕ್ ಇದ್ದವು. ಆಟಿಕೆಯ ಹಾಗಲ್ಲದೆ ನಿಜವಾದ ರೇಸ್ ಕಾರಿನ ಹಾಗೆ ಯೋಚಿಸಿ ಮಾಡಿದ ವಸ್ತು ಅದು. ಮರುವರ್ಷ, 1985ರಲ್ಲಿ, ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ವರ್ಗದ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಮಾರ್ ನಡೆಸಿದ ಆ ಪಂದ್ಯದಲ್ಲಿ ಎರಡು ಚಕ್ರ ಚಾಲನೆಯ ವಿಭಾಗವನ್ನು ಜೇ ಹಾಲ್ಸಿ ಆರ್‌ಸಿ10 ಓಡಿಸಿ ಗೆದ್ದರು. ನಾಲ್ಕು ಚಕ್ರದ ವಿಭಾಗ ಗಿಲ್ ಲೋಸಿ ಜೂನಿಯರ್ ಪಾಲಾಯಿತು. ಮುಂದೆ ಲೋಸಿ ಕುಟುಂಬ ತನ್ನದೇ ಜೆಆರ್‌ಎಕ್ಸ್-2 ಬಗ್ಗಿಯನ್ನು ತಯಾರಿಸಿ ಅಸೋಸಿಯೇಟೆಡ್‌ಗೆ ಎದುರಾಳಿಯಾಗಿ ನಿಂತಿತು. ಆ ದಶಕದ ಕೊನೆಗೆ ಜಪಾನಿನ ಮಸಾಮಿ ಹಿರೊಸಾಕಾ ಮುನ್ನೆಲೆಗೆ ಬಂದರು. ಅವರ ಒಟ್ಟು 14 ವಿಶ್ವ ಪ್ರಶಸ್ತಿಗಳಲ್ಲಿ ಮಣ್ಣಿನ ಟ್ರ್ಯಾಕಿನ ಗೆಲುವುಗಳೂ ಇವೆ.

ಅಲ್ಲಿಂದ ಈಚೆಗೆ ಮುಂಭಾಗದ ಮೂಲ ರಚನೆ ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಅದರ ಮೇಲೆ ಬೀಳುವ ಭಾರ. ಮೊದಲ ಬಗ್ಗಿಗಳಲ್ಲಿ ಮೋಟಾರು ಹಿಂದಿನ ಆಕ್ಸಲ್‌ಗೂ ಹಿಂದೆ ನೇತಾಡುತ್ತಿತ್ತು. ಸಡಿಲ ಮಣ್ಣಿನಲ್ಲಿ ಹಿಂದಿನ ಟೈರಿಗೆ ಹಿಡಿತ ಸಿಗಲು ಅದು ಬೇಕಾಗಿತ್ತು. ಗಟ್ಟಿ ಜೇಡಿಮಣ್ಣು, ಕೃತಕ ಹುಲ್ಲು, ಕಾರ್ಪೆಟ್ಟಿನಂಥ ಹಿಡಿತ ಹೆಚ್ಚಿರುವ ನೆಲಗಳು ಬಳಕೆಗೆ ಬಂದಂತೆ ಮೋಟಾರು ಆಕ್ಸಲ್‌ನ ಮುಂದಕ್ಕೆ ಸರಿಯಿತು. 2011ರಲ್ಲಿ ಬಂದ ಟಿಎಲ್‌ಆರ್ (ಟೀಮ್ ಲೋಸಿ ರೇಸಿಂಗ್) 22 ಕಿಟ್ಟನ್ನು ಎರಡೂ ರೀತಿಯಲ್ಲಿ ಜೋಡಿಸಬಹುದಿತ್ತು. ಮೋಟಾರು ಮಧ್ಯಕ್ಕೆ ಬಂದ ಕಾರಿನಲ್ಲಿ ಮುಂದಿನ ಟೈರುಗಳ ಮೇಲೆ ಸದಾ ಒಂದಿಷ್ಟು ಹೆಚ್ಚು ಭಾರವಿರುತ್ತದೆ. ಆದ್ದರಿಂದ ಹಳೆಯ ಕಾರಿನ ಮುಂಭಾಗದ ಅಳತೆಗಳನ್ನು ಹೊಸದಕ್ಕೆ ಹಾಗೆಯೇ ಹೊಂದಿಸಿದರೆ ನಡೆಯುವುದಿಲ್ಲ.

ಪುಟ್ಟ ಕಾರು, ದೊಡ್ಡ ಪೆಟ್ಟು

ಕಾರನ್ನು ಹತ್ತರಲ್ಲಿ ಒಂದಕ್ಕೆ ಇಳಿಸಬಹುದು, ಭೂಮಿಯ ಗುರುತ್ವವನ್ನು ಇಳಿಸಲಾಗದು. ಈ ಕಾರುಗಳು ಒಂದು ಮೀಟರ್ ಎತ್ತರಕ್ಕೆ ಹಾರುವುದು ಮಾಮೂಲು. ದೊಡ್ಡ ಕಾರಿನ ಅಳತೆಯಲ್ಲಿ ಅದು 10 ಮೀಟರ್. ಒಂದು ಮೀಟರಿನಿಂದ ಬಿದ್ದ ಕಾರು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿರುತ್ತದೆ. ಜೋತುಬಿದ್ದ ಚಕ್ರ ಮೇಲಕ್ಕೆ ಸರಿಯಲು ಇರುವ ಜಾಗ ಎಲ್ಲ ಸೇರಿ 40 ಮಿ.ಮೀ. ಎಂದು ಇಟ್ಟುಕೊಂಡರೂ ಸಮತಟ್ಟು ನೆಲದ ಮೇಲೆ ಬಿದ್ದಾಗ ತನ್ನ ತೂಕದ ಸುಮಾರು 25 ಪಟ್ಟು ಬಲವನ್ನು ಸಸ್ಪೆನ್ಷನ್ ತಡೆಯಬೇಕು. ಇಳಿಜಾರಿನ ಮೇಲೆ ಇಳಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ. ಆದರೂ ಇದೇ ಶಾಕ್, ಇದೇ ಸ್ಪ್ರಿಂಗು ಮರುಕ್ಷಣವೇ ಕೆಲವು ಮಿಲಿಮೀಟರ್ ಎತ್ತರದ ಉಬ್ಬುತಗ್ಗುಗಳ ಮೇಲೆ ಟೈರನ್ನು ನೆಲಕ್ಕಂಟಿಸಿ ಇಟ್ಟಿರಬೇಕು. ಎರಡು ಕೆಲಸಕ್ಕೆ ಬೇಕಾದ ಗುಣಗಳು ಬೇರೆ ಬೇರೆ. ಆಫ್‌ರೋಡ್ ಹೊಂದಾಣಿಕೆಯ ಬಹುಪಾಲು ಕಷ್ಟ ಇದರಿಂದಲೇ ಹುಟ್ಟುತ್ತದೆ.

ಭಾಗಗಳು

ಇಂದಿನ ಬಗ್ಗಿಯ ಮುಂಭಾಗದಲ್ಲಿ ತಳಕ್ಕೆ ಹಿಂಜ್ ಪಿನ್ನಿನಿಂದ ಕಟ್ಟಿದ ಕೆಳತೋಳು ಇರುತ್ತದೆ. ಅದರ ಹೊರತುದಿಯಲ್ಲಿ ಕ್ಯಾಸ್ಟರ್ ಬ್ಲಾಕ್. ಅದರೊಳಗೆ ಕಿಂಗ್‌ಪಿನ್ನಿನ ಸುತ್ತ ತಿರುಗುವ ಸ್ಟಿಯರಿಂಗ್ ಬ್ಲಾಕ್, ಚಕ್ರ ಕೂರುವ ಆಕ್ಸಲ್ ಇದರದ್ದೇ. ಕ್ಯಾಸ್ಟರ್ ಬ್ಲಾಕಿನ ತಲೆಯಿಂದ, ಶಾಕ್‌ಗಳ ಮೇಲ್ತುದಿ ಕೂರುವ ಶಾಕ್ ಟವರಿನವರೆಗೆ ಕ್ಯಾಂಬರ್ ಲಿಂಕ್ ಹೋಗುತ್ತದೆ. ಅದರ ಎರಡು ತುದಿಗಳಲ್ಲೂ ಬಾಲ್ ಕಪ್, ಅವು ಕೂರಲು ಬಾಲ್ ಸ್ಟಡ್. ಲಿಂಕಿನ ನಡುವಿನ ಟರ್ನ್‌ಬಕಲ್‌ಗೆ ಒಂದು ತುದಿಯಲ್ಲಿ ಬಲ ಮರೆ, ಇನ್ನೊಂದು ತುದಿಯಲ್ಲಿ ಎಡ ಮರೆ ಇರುವುದರಿಂದ ಕಳಚದೆಯೇ ಸ್ಪ್ಯಾನರಿನಿಂದ ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡಬಹುದು. ಎಡ ಮರೆಯ ಕಡೆಗೆ ತಯಾರಕರು ಸಣ್ಣ ಕಚ್ಚು ಕೊಟ್ಟಿರುತ್ತಾರೆ. ಕಾರಿನ ಎಲ್ಲ ಲಿಂಕುಗಳಲ್ಲೂ ಆ ಕಚ್ಚನ್ನು ಒಂದೇ ಬದಿಗೆ ಇಟ್ಟು ಜೋಡಿಸಿದರೆ ಪಂದ್ಯದ ಗಡಿಬಿಡಿಯಲ್ಲಿ ಯಾವ ಕಡೆ ತಿರುಗಿಸಬೇಕು ಎಂದು ತಡಕಾಡುವುದು ತಪ್ಪುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕಟ್ಟುವ, ಚಾಲಕ ಕುಳಿತು ಓಡಿಸುವ ಬಗ್ಗಿಗಳ ಮುಂಭಾಗದಲ್ಲಿರುವುದೂ ಇದೇ ರೇಖಾಗಣಿತ. ಅಲ್ಲಿ ಕೊಳವೆ ಕತ್ತರಿಸಿ ಮತ್ತೆ ಬೆಸುಗೆ ಹಾಕಬೇಕಾದ ಬದಲಾವಣೆಯನ್ನು ಇಲ್ಲಿ ಒಂದು ಮಿಲಿಮೀಟರ್ ವಾಷರ್ ಹಾಕಿ ಎರಡು ನಿಮಿಷದಲ್ಲಿ ಮುಗಿಸಬಹುದು. ಸಸ್ಪೆನ್ಷನ್ ಪಾಠವನ್ನು ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ, ಅಗ್ಗದ ಸಾಧನ ಇನ್ನೊಂದಿಲ್ಲ.

ಮೊದಲು ಆಗಬೇಕಾದ ಕೆಲಸ

ಕೋನಗಳಿಗೆ ಕೈಹಾಕುವ ಮುನ್ನ ಸಸ್ಪೆನ್ಷನ್ ಸರಾಗವಾಗಿ ಆಡುತ್ತದೆಯೇ ಎಂದು ನೋಡಬೇಕು. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಕ್ಯಾಸ್ಟರು, ರೋಲ್ ಸೆಂಟರುಗಳ ಚರ್ಚೆಗೆ ಇಳಿಯುತ್ತಾರೆ. ಬಿಗಿಯಾಗಿ ಅಂಟುವ ತೋಳಿನ ಮೇಲೆ ಮಾಡಿದ ಯಾವ ಹೊಂದಾಣಿಕೆಯೂ ಹೇಳಿದ ಮಾತು ಕೇಳುವುದಿಲ್ಲ. ಪರೀಕ್ಷೆ ಸುಲಭ. ಶಾಕಿನ ಕೆಳತುದಿಯನ್ನು ಕಳಚಿ, ತೋಳನ್ನು ಚಕ್ರದ ಸಮೇತ ಮೇಲಕ್ಕೆತ್ತಿ ಬಿಡಬೇಕು. ತನ್ನ ತೂಕಕ್ಕೇ ಅದು ತಡೆಯಿಲ್ಲದೆ ಕೆಳಗೆ ಬೀಳಬೇಕು. ನಡುವೆ ನಿಂತರೆ ಹಿಂಜ್ ಪಿನ್ ಬಾಗಿರಬಹುದು, ತೂತಿನಲ್ಲಿ ಮಣ್ಣು ಸೇರಿರಬಹುದು, ಇಲ್ಲವೇ ಬಾಲ್ ಕಪ್ ಬಿಗಿಯಾಗಿರಬಹುದು. ಬಿಗಿಯಾದ ಕಪ್ಪನ್ನು ಬಾಲಿನ ಮೇಲೆ ಕೂರಿಸಿಯೇ ಇಕ್ಕಳದಿಂದ ಸುತ್ತಲೂ ಮೆಲ್ಲಗೆ ಒತ್ತಿದರೆ ಸಡಿಲವಾಗುತ್ತದೆ. ಸವೆದು ಲಡಲಡ ಆಡುವ ಕಪ್ಪನ್ನು ಬದಲಾಯಿಸುವುದೇ ವಾಸಿ. ಅಂಥ ಕಪ್ಪಿನಿಂದ ಕ್ಯಾಂಬರ್ ಅರ್ಧ ಡಿಗ್ರಿ ಆಚೀಚೆ ಓಡಾಡುತ್ತಿದ್ದರೆ ಗೇಜಿನಲ್ಲಿ ನಿಖರವಾಗಿ ಅಳೆದೂ ಉಪಯೋಗವಿಲ್ಲ.

ಎಡಬಲಗಳು ಸಮವಾಗಿರಬೇಕು. ಎರಡು ಶಾಕ್‌ಗಳ ಉದ್ದವನ್ನು ಕ್ಯಾಲಿಪರಿನಿಂದ ಅಳೆದು ಹೊಂದಿಸಬೇಕು. ಕಾರಿನ ಮೂತಿಯನ್ನು ನಟ್ಟನಡುವೆ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಎತ್ತಿದಾಗ ಎರಡೂ ಚಕ್ರ ಒಟ್ಟಿಗೆ ಮೇಜು ಬಿಡಬೇಕು. ಒಂದು ಮೊದಲು ಎದ್ದರೆ ತಳ ತಿರುಚಿಕೊಂಡಿದೆ ಅಥವಾ ಒಂದು ಕಡೆಯ ಸ್ಪ್ರಿಂಗ್ ಹೆಚ್ಚು ಬಿಗಿಯಾಗಿದೆ ಎಂದರ್ಥ. ಇಂಥ ಕಾರು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುತ್ತದೆ.

ಬಳಿಕ ನೆಲದಿಂದ ತಳದ ಎತ್ತರ, ಅಂದರೆ ರೈಡ್ ಹೈಟ್. ಬ್ಯಾಟರಿ, ಬಾಡಿ ಎಲ್ಲ ಹಾಕಿ ಓಡಲು ಸಿದ್ಧವಾದ ಕಾರನ್ನು ಮೇಜಿನಿಂದ ಗೇಣುದ್ದ ಎತ್ತಿ ಬಿಟ್ಟು, ಅದು ತಾನಾಗಿ ನಿಂತ ಮೇಲೆ ಗೇಜ್ ತೂರಿಸಿ ಅಳೆಯುತ್ತಾರೆ. ಮಣ್ಣಿನ ಟ್ರ್ಯಾಕಿಗೆ 20ರಿಂದ 24 ಮಿ.ಮೀ., ಕಾರ್ಪೆಟ್ ಮತ್ತು ಕೃತಕ ಹುಲ್ಲಿಗೆ 16ರಿಂದ 19 ಮಿ.ಮೀ. ಸಾಮಾನ್ಯ. ಸ್ಪ್ರಿಂಗಿನ ಮೇಲಿನ ಮರೆಯುಳ್ಳ ಉಂಗುರವನ್ನು ತಿರುಗಿಸಿ ಇದನ್ನು ಬದಲಿಸಬೇಕು. ಹಿಂಭಾಗವನ್ನು ಹಾಗೇ ಬಿಟ್ಟು ಮುಂಭಾಗವನ್ನಷ್ಟೇ ಒಂದು ಮಿಲಿಮೀಟರ್ ತಗ್ಗಿಸಿದರೆ ತಿರುವಿನ ಆರಂಭದಲ್ಲಿ ಸ್ಟಿಯರಿಂಗ್ ಚುರುಕಾಗುತ್ತದೆ. ಏರಿಸಿದರೆ ಕಾರು ಸಾವಧಾನಿಯಾಗುತ್ತದೆ.

ಶಾಕ್ ಮತ್ತು ಸ್ಪ್ರಿಂಗ್

ಮುಂಭಾಗದ ಗುಣವನ್ನು ಬೇರೆಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಶಾಕ್. ಅದರೊಳಗೆ ಸಿಲಿಕೋನ್ ಎಣ್ಣೆ, ಎಣ್ಣೆಯಲ್ಲಿ ತೂತುಗಳಿರುವ ಪಿಸ್ಟನ್. ಚಕ್ರ ಮೇಲೇರಿದಾಗ ಎಣ್ಣೆ ತೂತುಗಳಲ್ಲಿ ನುಸುಳಿ ಹೋಗಬೇಕು. ಆ ತಡೆಯೇ ಡ್ಯಾಂಪಿಂಗ್. ಎಣ್ಣೆಯ ದಪ್ಪವನ್ನು ‘ವೇಟ್’ ಸಂಖ್ಯೆಯಿಂದ ಹೇಳುವುದು ರೂಢಿಯಾದರೂ ಒಂದು ಕಂಪನಿಯ 30, ಇನ್ನೊಂದು ಕಂಪನಿಯ 30 ಒಂದೇ ಆಗಿರುವುದಿಲ್ಲ. ಅಸೋಸಿಯೇಟೆಡ್ ಎಣ್ಣೆಯಲ್ಲಿ 30 ವೇಟ್ ಎಂದರೆ 350 ಸೆಂಟಿಸ್ಟೋಕ್ಸ್, 35 ಎಂದರೆ 425, 40 ಎಂದರೆ 500. ಹೋಲಿಸಿ ನೋಡುವಾಗ ಸೆಂಟಿಸ್ಟೋಕ್ಸನ್ನೇ ನಂಬುವುದು ಒಳ್ಳೆಯದು. 1/10 ಬಗ್ಗಿಯ ಮುಂಭಾಗಕ್ಕೆ 30ರಿಂದ 40 ವೇಟ್ ಒಳಗಿನ ಎಣ್ಣೆ ಸಾಮಾನ್ಯವಾಗಿ ಸಾಕು. ಬಿಸಿಲೇರಿದಂತೆ ಎಣ್ಣೆ ತೆಳುವಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಕಾರು ಮಧ್ಯಾಹ್ನ ದಿಬ್ಬದಿಂದ ಇಳಿದು ಕುಪ್ಪಳಿಸತೊಡಗಿದರೆ ಮೊದಲ ಗುಮಾನಿ ಇದರ ಮೇಲೆ.

ಪಿಸ್ಟನ್ ತೂತಿನ ಅಳತೆಗೂ ಎಣ್ಣೆಯ ದಪ್ಪಕ್ಕೂ ಇರುವ ನಂಟು ಸೂಕ್ಷ್ಮವಾದದ್ದು. ಸಣ್ಣ ತೂತು ತೆಳು ಎಣ್ಣೆ, ದೊಡ್ಡ ತೂತು ದಪ್ಪ ಎಣ್ಣೆ — ಇವೆರಡನ್ನೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದರೆ ಒಂದೇ ರೀತಿ ಅನ್ನಿಸಬಹುದು. ಟ್ರ್ಯಾಕಿನಲ್ಲಿ ಅವು ಬೇರೆ ಬೇರೆ. ನೀರಿನ ಮೇಲೆ ಕೈಯನ್ನು ಮೆಲ್ಲಗಿಟ್ಟರೆ ಮುಳುಗುತ್ತದೆ, ರಪ್ಪನೆ ಹೊಡೆದರೆ ಅಂಗೈ ಉರಿಯುತ್ತದೆ. ಪಿಸ್ಟನ್ ವೇಗವಾಗಿ ಚಲಿಸಿದಾಗ ಶಾಕಿನೊಳಗೂ ಹೀಗೇ ಆಗುತ್ತದೆ. ಇದನ್ನು ಆಟಗಾರರು ‘ಪ್ಯಾಕ್’ ಎನ್ನುತ್ತಾರೆ. ತೂತು ಸಣ್ಣದಿದ್ದಷ್ಟೂ ಬೇಗ ಪ್ಯಾಕ್ ಆಗುತ್ತದೆ. ದೊಡ್ಡ ಜಿಗಿತಗಳಿರುವ ಟ್ರ್ಯಾಕಿನಲ್ಲಿ ತಳ ನೆಲಕ್ಕೆ ಅಪ್ಪಳಿಸದಂತೆ ಅದು ಕಾಪಾಡುತ್ತದೆ. ಉಬ್ಬುತಗ್ಗು ಹೆಚ್ಚಿರುವ ಟ್ರ್ಯಾಕಿನಲ್ಲಿ ಅದೇ ಗುಣದಿಂದ ಮುಂದಿನ ಚಕ್ರಗಳು ಉಬ್ಬಿನಿಂದ ಉಬ್ಬಿಗೆ ಹಾರುತ್ತವೆ, ಸ್ಟಿಯರಿಂಗ್ ಮಾಯವಾಗುತ್ತದೆ.

ಶಾಕ್ ಕಟ್ಟುವುದು ತಾಳ್ಮೆಯ ಕೆಲಸ. ಪಿಸ್ಟನ್ ಕೂತ ಶಾಫ್ಟನ್ನು ಪೂರ್ತಿ ಕೆಳಗೆಳೆದು ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತವೆ. ಅವಸರದಲ್ಲಿ ಆಡಿಸಿದರೆ ಗಾಳಿ ಇನ್ನಷ್ಟು ಸಣ್ಣ ಗುಳ್ಳೆಗಳಾಗಿ ಎಣ್ಣೆಯೊಳಗೇ ಉಳಿಯುತ್ತದೆ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ, ಗುಳ್ಳೆಯೆಲ್ಲ ಹೋದ ಮೇಲೆ ಮುಚ್ಚಳ ಹಾಕಿ ಹೆಚ್ಚಿನ ಎಣ್ಣೆಯನ್ನು ಹೊರಬಿಡಬೇಕು. ಕೊನೆಗೆ ಎರಡು ಶಾಕ್‌ಗಳ ಶಾಫ್ಟಿನ ತುದಿಗಳನ್ನು ಎದುರುಬದುರಾಗಿ ಹಿಡಿದು ಒಂದನ್ನೊಂದು ಒತ್ತಿ ನೋಡಬೇಕು. ಎರಡೂ ಒಂದೇ ವೇಗದಲ್ಲಿ ಒಳಗೆ ಹೋಗಿ ಒಂದೇ ವೇಗದಲ್ಲಿ ಹೊರಬಂದರೆ ಜೋಡಿ ಸರಿಯಾಗಿದೆ. ಒಂದರಲ್ಲಿ ಕೊಚಕೊಚ ಸದ್ದು ಬಂದರೆ ಒಳಗೆ ಗಾಳಿ ಉಳಿದಿದೆ, ಮತ್ತೆ ಬಿಚ್ಚಬೇಕು.

ಸ್ಪ್ರಿಂಗಿನ ಬಿಗಿ ಮುಖ್ಯ, ಆದರೆ ಅದು ಚಕ್ರಕ್ಕೆ ಎಷ್ಟು ತಲುಪುತ್ತದೆ ಎಂಬುದು ಇನ್ನೂ ಮುಖ್ಯ. ಶಾಕ್ ಕೆಳತೋಳಿನ ಎಷ್ಟು ಹೊರಗೆ ಕೂತಿದೆ ಎನ್ನುವುದರ ವರ್ಗದಷ್ಟು ಪರಿಣಾಮ ಚಕ್ರದ ಬಳಿ ಸಿಗುತ್ತದೆ. ಉದಾಹರಣೆಗೆ, ನೆಟ್ಟಗೆ ನಿಂತ ಶಾಕ್ ತೋಳಿನ ಉದ್ದದ ಶೇ. 75ರಲ್ಲಿದ್ದರೆ ಸ್ಪ್ರಿಂಗಿನ ಬಿಗಿಯ ಶೇ. 56ರಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ. ಅದನ್ನು ಶೇ. 80ಕ್ಕೆ ಸರಿಸಿದರೆ ಶೇ. 64 ತಲುಪುತ್ತದೆ. ಸ್ಪ್ರಿಂಗ್ ಮುಟ್ಟದೆಯೇ ಮುಂಭಾಗ ಶೇ. 14ರಷ್ಟು ಬಿಗಿಯಾಯಿತು! ಟವರಿನ ಮೇಲಿನ ತೂತುಗಳ ಆಟ ಇದಕ್ಕಿಂತ ನಯ. ಶಾಕಿನ ತಲೆಯನ್ನು ಒಳಗಿನ ತೂತಿಗೆ ಹಾಕಿದರೆ ಅದು ಹೆಚ್ಚು ಮಲಗುತ್ತದೆ. ಮೊದಲು ಮೆತ್ತಗಿದ್ದು ಆಳಕ್ಕೆ ಹೋದಂತೆ ಬಿಗಿಯಾಗುತ್ತದೆ. ಹೊರಗಿನ ತೂತಿನಲ್ಲಿ ಶಾಕ್ ನೆಟ್ಟಗೆ ನಿಂತು ಮೊದಲ ಕ್ಷಣದಿಂದಲೇ ಪ್ರತಿಕ್ರಿಯಿಸುತ್ತದೆ.

ಮೆತ್ತನೆಯ ಮುಂಭಾಗದ ಸ್ಪ್ರಿಂಗಿನಲ್ಲಿ, ರಿಮೋಟಿನ ವೇಗದ ಟ್ರಿಗರ್ ಬಿಟ್ಟ ಕೂಡಲೇ ಮೂತಿ ತಗ್ಗುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಜಾರುವ ನೆಲದಲ್ಲೂ ಟೈರಿಗೆ ಹಿಡಿತ ಸಿಗುತ್ತದೆ. ಬಿಗಿಯಾದ ಸ್ಪ್ರಿಂಗಿನಲ್ಲಿ ಕಾರು ಕೈ ಆಡಿಸಿದ ತಕ್ಷಣ ತಿರುಗುತ್ತದೆ, ಆದರೆ ಒಟ್ಟು ಹಿಡಿತ ಕಡಿಮೆ. ಹಿಡಿತ ಧಾರಾಳವಾಗಿರುವ ಕಾರ್ಪೆಟ್ಟಿನಲ್ಲಿ ಆ ಕಡಿಮೆಯೇ ವರ. ಇಲ್ಲವಾದರೆ ಟೈರು ನೆಲವನ್ನು ಕಚ್ಚಿ ಹಿಡಿದು ಕಾರೇ ಮಗುಚಿಕೊಳ್ಳುತ್ತದೆ.

ಚಕ್ರ ಎಷ್ಟು ಕೆಳಕ್ಕೆ ಜೋತುಬೀಳಬಹುದು ಎಂಬುದನ್ನೂ ಶಾಕಿನಿಂದಲೇ ನಿಯಂತ್ರಿಸುತ್ತಾರೆ. ಒಳಗೆ ಸಣ್ಣ ವಾಷರ್ ಹಾಕಿದರೆ ಶಾಫ್ಟ್ ಹೊರಬರುವ ಉದ್ದ ಕಡಿಮೆಯಾಗುತ್ತದೆ. ಜೋತು ಹೆಚ್ಚಿದ್ದರೆ ಒರಟು ನೆಲದಲ್ಲಿ ಚಕ್ರ ನೆಲ ಬಿಡುವುದಿಲ್ಲ. ಆದರೆ ಟ್ರಿಗರ್ ಒತ್ತಿದಾಗ ಮೂತಿ ಮೇಲೆದ್ದು ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ.

ಕ್ಯಾಸ್ಟರ್ ಮತ್ತು ಕಿಕ್-ಅಪ್

ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ ಕ್ಯಾಸ್ಟರ್. ರಸ್ತೆಯ ಕಾರುಗಳಲ್ಲಿ ಇದು ಕೆಲವೇ ಡಿಗ್ರಿ. ಎರಡು ಚಕ್ರ ಚಾಲನೆಯ ಬಗ್ಗಿಗಳಲ್ಲಿ 25ರಿಂದ 30 ಡಿಗ್ರಿ. ಇಷ್ಟು ದೊಡ್ಡ ಕೋನ ಬರುವುದು ಎರಡು ಕಡೆಯಿಂದ. ಹಿಂಜ್ ಪಿನ್ನೇ ಮುಂದಕ್ಕೆ ಹೋದಂತೆ ಮೇಲೇರಿರುತ್ತದೆ, ಅದು ಕಿಕ್-ಅಪ್. ಉಳಿದ ಕೆಲವು ಡಿಗ್ರಿಯನ್ನು ಕ್ಯಾಸ್ಟರ್ ಬ್ಲಾಕ್ ಸೇರಿಸುತ್ತದೆ. ಬ್ಲಾಕುಗಳು 0, 2.5, 5 ಡಿಗ್ರಿ ಹೀಗೆ ಬಿಡಿಯಾಗಿ ಸಿಗುತ್ತವೆ.

ಕಿಕ್-ಅಪ್ಪಿನಿಂದ ಚಕ್ರ ಏರುವಾಗ ಜೊತೆಗೆ ಹಿಂದಕ್ಕೂ ಸರಿಯುತ್ತದೆ. ಉಬ್ಬಿಗೆ ಎದುರಾಗಿ ಗುದ್ದುವ ಬದಲು ಅದರೊಂದಿಗೆ ಹೋಗುತ್ತದೆ, ಒರಟು ಮಣ್ಣಿನಲ್ಲಿ ಮುಂಭಾಗ ಮೆತ್ತಗೆ ನಡೆಯುತ್ತದೆ. ಇದಕ್ಕೆ ಪ್ರತಿಯಾಗಿ ಬ್ರೇಕ್ ಹಾಕಿದಾಗ ಮೂತಿ ಹೆಚ್ಚು ತಗ್ಗುತ್ತದೆ.

ಕ್ಯಾಸ್ಟರಿನ ನಿಜವಾದ ಕೆಲಸ ಚಕ್ರ ತಿರುಗಿದಾಗ ಕಾಣುತ್ತದೆ. ಕ್ಯಾಸ್ಟರ್ 25 ಡಿಗ್ರಿ ಇದ್ದು ಚಕ್ರ 20 ಡಿಗ್ರಿ ತಿರುಗಿದರೆ ಹೊರಗಿನ ಚಕ್ರ ತಲೆಯನ್ನು ಸುಮಾರು 8 ಡಿಗ್ರಿ ಒಳಕ್ಕೆ ವಾಲಿಸಿಕೊಂಡಿರುತ್ತದೆ. ಮೈ ಹೊರಕ್ಕೆ ವಾಲಿದರೂ ಟೈರು ನೆಲಕ್ಕೆ ಒರಗಿ ನಿಲ್ಲುವುದು ಇದರಿಂದಲೇ. ಕ್ಯಾಸ್ಟರ್ ಹೆಚ್ಚಿಸಿದರೆ ನೇರ ದಾರಿಯಲ್ಲಿ ಕಾರು ಸ್ಥಿರ, ತಿರುವಿನ ಆರಂಭದಲ್ಲಿ ಸೌಮ್ಯ, ಟ್ರಿಗರ್ ಒತ್ತಿ ಹೊರಬರುವಾಗ ಮಾತ್ರ ಸ್ಟಿಯರಿಂಗ್ ಉಳಿದಿರುತ್ತದೆ. ಕಡಿಮೆ ಮಾಡಿದರೆ ಆರಂಭ ತೀಕ್ಷ್ಣ. ಸಣ್ಣ, ಇಕ್ಕಟ್ಟಿನ ಒಳಾಂಗಣ ಟ್ರ್ಯಾಕುಗಳಲ್ಲಿ ಕಡಿಮೆ ಕ್ಯಾಸ್ಟರ್ ಗೆಲ್ಲಿಸಬಹುದು. ಅದನ್ನೇ ತೆರೆದ ಮಣ್ಣಿನ ಟ್ರ್ಯಾಕಿಗೆ ಒಯ್ದರೆ ಓಡಿಸುವವರ ಬೆರಳು ಐದು ನಿಮಿಷದ ಓಟ ಪೂರ್ತಿ ಚಡಪಡಿಸಬೇಕಾಗುತ್ತದೆ. ಅನುಮಾನವಿದ್ದಲ್ಲಿ ಹೆಚ್ಚಿನ ಕ್ಯಾಸ್ಟರಿನಿಂದ ಶುರುಮಾಡುವುದು ಕ್ಷೇಮ.

ಕ್ಯಾಂಬರ್, ಲಿಂಕ್, ರೋಲ್ ಸೆಂಟರ್

ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಮೈನಸ್ ಕ್ಯಾಂಬರ್. ನಿಂತ ಕಾರಿನಲ್ಲಿ ಮೈನಸ್ 1 ಡಿಗ್ರಿ ಒಳ್ಳೆಯ ಆರಂಭ. 0ಯಿಂದ ಮೈನಸ್ 2ರ ಆಚೆ ಹೋಗುವವರು ಕಡಿಮೆ. 85 ಮಿ.ಮೀ. ವ್ಯಾಸದ ಟೈರಿನಲ್ಲಿ ಒಂದು ಡಿಗ್ರಿ ಎಂದರೆ ತಲೆಗೂ ಬುಡಕ್ಕೂ ಒಂದೂವರೆ ಮಿಲಿಮೀಟರ್ ಅಂತರ, ಬರಿಗಣ್ಣಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಅದಕ್ಕಾಗಿ ಕೋನದ ಗೇಜು ಬೇಕು. ಸ್ಲೊವಾಕಿಯಾದ ಟ್ರೆಂಚಿನ್ ಊರಿನ ಹುಡಿ ಕಂಪನಿಯಂಥವರು ನಾಲ್ಕೂ ಚಕ್ರಗಳ ಜಾಗದಲ್ಲಿ ಫಲಕ ನಿಲ್ಲಿಸಿ ಅಳೆಯುವ ಸೆಟಪ್ ಸ್ಟೇಷನ್ ಮಾಡುತ್ತಾರೆ. ಕ್ಲಬ್ ಮಟ್ಟದಲ್ಲಿ ಸಾದಾ ಗೇಜು ಸಾಕಾಗುತ್ತದೆ.

ನಿಂತ ಕಾರಿನ ಕ್ಯಾಂಬರಿಗಿಂತ ಓಡುವ ಕಾರಿನಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದು ಮುಖ್ಯ. ಅದನ್ನು ತೀರ್ಮಾನಿಸುವುದು ಲಿಂಕಿನ ಉದ್ದ ಮತ್ತು ಓರೆ. ಗಿಡ್ಡ ಲಿಂಕಿನ ಹೊರತುದಿ ಸಣ್ಣ ಕಂಸದಲ್ಲಿ ಚಲಿಸುವುದರಿಂದ ಚಕ್ರ ಏರಿದಂತೆ ಕ್ಯಾಂಬರ್ ಬೇಗ ಬದಲಾಗುತ್ತದೆ, ಕಾರು ಚುರುಕು. ಉದ್ದ ಲಿಂಕಿನಲ್ಲಿ ಬದಲಾವಣೆ ಕಡಿಮೆ. ನಡೆ ನಯ, ಉಬ್ಬುತಗ್ಗಿನಲ್ಲಿ ನಂಬಿಕಸ್ಥ.

ಓರೆಯ ಮಾತಿಗೆ ಬಂದರೆ ರೋಲ್ ಸೆಂಟರ್ ಬರುತ್ತದೆ. ಕಾಗದದ ಮೇಲೆ ಮುಂಭಾಗದ ನೋಟ ಬರೆದು ಕೆಳತೋಳಿನ ಗೆರೆಯನ್ನೂ ಮೇಲಿನ ಲಿಂಕಿನ ಗೆರೆಯನ್ನೂ ಒಳಕ್ಕೆ ಎಳೆದರೆ ಒಂದು ಕಡೆ ಕೂಡುತ್ತವೆ. ಆ ಬಿಂದುವಿನಿಂದ ಟೈರು ನೆಲ ಮುಟ್ಟುವ ಜಾಗಕ್ಕೆ ಎಳೆದ ಗೆರೆ ಕಾರಿನ ನಡುಗೆರೆಯನ್ನು ಕತ್ತರಿಸುವ ಬಿಂದುವೇ ರೋಲ್ ಸೆಂಟರ್. ತಿರುವಿನಲ್ಲಿ ಮೈ ವಾಲುವುದು ಇದರ ಸುತ್ತ. ಗುರುತ್ವ ಕೇಂದ್ರಕ್ಕೂ ಇದಕ್ಕೂ ಅಂತರ ಹೆಚ್ಚಿದಷ್ಟೂ ವಾಲುವಿಕೆ ಹೆಚ್ಚು. ಟವರಿನ ಬಳಿಯ ಒಳಬಾಲಿನ ಕೆಳಗೆ ವಾಷರ್ ಸೇರಿಸಿ ಎತ್ತರಿಸಿದರೆ ಲಿಂಕು ಕೆಳತೋಳಿಗೆ ಹೆಚ್ಚು ಸಮಾನಾಂತರವಾಗುತ್ತದೆ, ರೋಲ್ ಸೆಂಟರ್ ಕೆಳಗಿಳಿಯುತ್ತದೆ, ಮುಂಭಾಗ ಹೆಚ್ಚು ವಾಲುತ್ತದೆ. ವಾಷರ್ ತೆಗೆದರೆ ಇದರ ತಿರುಗುಮುರುಗು: ವಾಲುವಿಕೆ ಕಡಿಮೆ, ಕ್ಯಾಂಬರ್ ಬದಲಾವಣೆ ಹೆಚ್ಚು, ಪ್ರತಿಕ್ರಿಯೆ ಚುರುಕು. ಇಲ್ಲಿ ಅರ್ಧ ಮಿಲಿಮೀಟರಿಗೂ ಬೆಲೆಯಿದೆ. ಪಳಗಿದವರ ಪೆಟ್ಟಿಗೆಯಲ್ಲಿ 0.5, 1, 2 ಮಿ.ಮೀ. ವಾಷರುಗಳು ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ. ಲಿಂಕಿನ ಜಾಗ ಬದಲಿಸಿದ ಮೇಲೆ ಕ್ಯಾಂಬರನ್ನು ಮತ್ತೆ ಅಳೆಯದೆ ಕಾರನ್ನು ಟ್ರ್ಯಾಕಿಗೆ ಇಳಿಸಬಾರದು.

ಟೋ, ಆಕರ್‌ಮನ್, ಬಂಪ್ ಸ್ಟಿಯರ್

ನಮ್ಮೂರ ಗ್ಯಾರೇಜುಗಳಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ಮುಖ್ಯವಾಗಿ ನೋಡುವುದು ಟೋ. ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕಿದೆಯೋ ಹೊರಕ್ಕಿದೆಯೋ ಎಂಬುದು. ಬಗ್ಗಿಯ ಮುಂಭಾಗದಲ್ಲಿ 0ಯಿಂದ 1 ಡಿಗ್ರಿ ಹೊರಕ್ಕೆ ಇಡುವುದು ವಾಡಿಕೆ. ತಿರುವಿಗೆ ಕಾರು ಬೇಗ ಒಲಿಯುತ್ತದೆ. ಒಳಕ್ಕೆ ಇಟ್ಟರೆ ನೇರ ದಾರಿಯಲ್ಲಿ ನೆಮ್ಮದಿ.

ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗಬೇಕಾದ್ದರಿಂದ ಅದು ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಮ್ಯೂನಿಕ್‌ನ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪರ್ಗರ್ ಕಂಡುಕೊಂಡ ಈ ಏರ್ಪಾಟಿಗೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಪ್ರತಿನಿಧಿಯದು. ಆರ್‌ಸಿ ಕಾರಿನಲ್ಲಿ ಸ್ಟಿಯರಿಂಗ್ ಕಡ್ಡಿಯ ಒಳತುದಿಯನ್ನು ಹಿಂದೆಮುಂದೆ ಸರಿಸಿ ಈ ವ್ಯತ್ಯಾಸವನ್ನು ಬದಲಿಸುತ್ತಾರೆ. ಕಾರ್ಖಾನೆ ಕೊಟ್ಟ ಜಾಗ ಬಹುಪಾಲು ಸಂದರ್ಭಕ್ಕೆ ಸರಿಹೋಗುತ್ತದೆ.

ಬಂಪ್ ಸ್ಟಿಯರನ್ನು, ಅಂದರೆ ಏರಿಳಿಯುವಾಗ ಚಕ್ರ ತಾನಾಗಿ ತಿರುಗುವುದನ್ನು, ಮಾತ್ರ ಎಲ್ಲರೂ ಒಮ್ಮೆ ಪರೀಕ್ಷಿಸಲೇಬೇಕು. ಶಾಕ್ ಕಳಚಿ, ಚಕ್ರ ನೇರವಿಟ್ಟು, ತೋಳನ್ನು ಕೆಳಗಿನಿಂದ ಮೇಲಿನವರೆಗೆ ಎತ್ತುತ್ತ ಚಕ್ರದ ಮೂತಿಯನ್ನು ಗಮನಿಸಬೇಕು. ಅದು ಒಳಕ್ಕೋ ಹೊರಕ್ಕೋ ತಿರುಗುತ್ತಿದ್ದರೆ ಸ್ಟಿಯರಿಂಗ್ ಬ್ಲಾಕಿನ ಬಾಲಿನ ಕೆಳಗಿನ ವಾಷರ್ ಬದಲಿಸಿ ಸರಿಪಡಿಸಬಹುದು. ಏರುವಾಗ ತುಸು ಹೊರಕ್ಕೆ ತಿರುಗುವಂತೆ ಬಿಟ್ಟರೆ ತಿರುವಿನಲ್ಲಿ ಭಾರ ಹೊತ್ತ ಹೊರಚಕ್ರ ತುಸು ಕಡಿಮೆ ತಿರುಗಿ, ಕಾರಿನ ಮೊನಚು ಇಳಿಯುತ್ತದೆ. ಒಳಕ್ಕೆ ತಿರುಗಿದರೆ ಪ್ರತಿ ಉಬ್ಬಿನಲ್ಲೂ ಕಾರು ಹೇಳದೆ ಕೇಳದೆ ಪಕ್ಕಕ್ಕೆ ಎಳೆಯುತ್ತದೆ.

ಆಂಟಿ-ರೋಲ್ ಬಾರ್ ಎರಡು ತೋಳುಗಳನ್ನು ಜೋಡಿಸುವ ಬಾಗಿದ ತಂತಿ. ಮಣ್ಣಿನಲ್ಲಿ ಎರಡು ಚಕ್ರ ಚಾಲನೆಯ ಬಗ್ಗಿಗೆ ಮುಂದೆ ಇದು ಅಪರೂಪ, ಕಾರ್ಪೆಟ್ಟಿನಲ್ಲಿ ಸಾಮಾನ್ಯ. 1/8 ಬಗ್ಗಿಗಳಲ್ಲಿ ಮುಂದೆಯೂ ಹಿಂದೆಯೂ ಇರುತ್ತದೆ.

ಟ್ರ್ಯಾಕಿನಲ್ಲಿ

ಇಷ್ಟೆಲ್ಲ ಹೇಳಿದರೂ ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ತರುವುದು ಟೈರು. ನೆಲಕ್ಕೆ ಒಪ್ಪದ ರಬ್ಬರು ಹಾಕಿಕೊಂಡು ಲಿಂಕಿನಲ್ಲಿ ಪರಿಹಾರ ಹುಡುಕುವುದು ವ್ಯರ್ಥ ಶ್ರಮ. ಆ ಊರಿನ ಟ್ರ್ಯಾಕಿನಲ್ಲಿ ಮುಂದಿರುವವರು ಯಾವ ಟೈರು, ಒಳಗೆ ಯಾವ ಫೋಮ್ ಬಳಸುತ್ತಾರೆ ಎಂದು ಕೇಳಿ ಹಾಕಿಕೊಂಡ ಮೇಲೆ ಉಳಿದ ಮಾತು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಹಳೆಯ ನಿಯಮ. ಪಾಲಿಸುವವರು ಕಡಿಮೆ. ತೊಂದರೆ ತಿರುವಿನ ಯಾವ ಭಾಗದಲ್ಲಿ ಎಂದು ಮೊದಲು ಗುರುತಿಸಬೇಕು. ಟ್ರಿಗರ್ ಬಿಟ್ಟು ಒಳನುಗ್ಗುವಾಗ ಕಾರು ತಿರುಗದೆ ನೇರ ಹೋಗುತ್ತಿದ್ದರೆ ಭಾರ ಮುಂದಕ್ಕೆ ಬರುತ್ತಿಲ್ಲ, ಇಲ್ಲವೇ ತಡವಾಗಿ ಬರುತ್ತಿದೆ. ಮೆತ್ತನೆ ಸ್ಪ್ರಿಂಗ್, ತಗ್ಗಿದ ಮೂತಿ, ಕಡಿಮೆ ಕ್ಯಾಸ್ಟರ್ ಇವುಗಳಲ್ಲಿ ಒಂದನ್ನು ನೋಡಬಹುದು. ಒಳಗೆ ಚೆನ್ನಾಗಿ ಹೋಗಿ, ಟ್ರಿಗರ್ ಒತ್ತಿದ ಕೂಡಲೇ ಹೊರಕ್ಕೆ ಓಡುತ್ತಿದ್ದರೆ ಮೂತಿ ಮೇಲೇಳುತ್ತಿದೆ. ಆಗ ಮುಂದಿನ ಜೋತನ್ನು ತಗ್ಗಿಸುವುದು, ಕ್ಯಾಸ್ಟರ್ ಹೆಚ್ಚಿಸುವುದು ದಾರಿ. ಹಿಂಭಾಗ ಜಾರಿ ಕಾರು ಸುತ್ತಿಕೊಳ್ಳುತ್ತಿದ್ದರೆ ದೋಷ ಹಿಂದೆ ಇದೆ ಎಂದು ಅನ್ನಿಸುವುದು ಸಹಜ. ಆದರೆ ಮುಂಭಾಗ ಅತಿಯಾಗಿ ಕಚ್ಚುತ್ತಿರುವುದೂ ಕಾರಣವಿರಬಹುದು. ಮುಂದಿನ ಲಿಂಕನ್ನು ಒಂದು ತೂತು ಉದ್ದ ಮಾಡಿ ನೋಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ. ದಿಬ್ಬದಿಂದ ಇಳಿದಾಗ ಮೂತಿ ನೆಲಕ್ಕೆ ಹೊಡೆದು ಪುಟಿದರೆ ಎಣ್ಣೆ ಒಂದು ಹಂತ ದಪ್ಪ, ಅಥವಾ ಪಿಸ್ಟನ್ ತೂತು ಒಂದು ಹಂತ ಸಣ್ಣದು.

ನಾಲ್ಕು ಚಕ್ರ ಚಾಲನೆಯ ಬಗ್ಗಿಗಳಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿ ಮುಂದಿನ ಚಕ್ರಗಳು ಕಾರನ್ನು ಎಳೆಯುತ್ತವೆ ಕೂಡ. ಟ್ರಿಗರ್ ಒತ್ತಿದಾಗ ಸ್ಟಿಯರಿಂಗ್ ಪೂರ್ತಿ ಸೋರಿ ಹೋಗುವುದಿಲ್ಲವಾದ್ದರಿಂದ ಕ್ಯಾಸ್ಟರ್ ಇಷ್ಟು ದೊಡ್ಡದಿರಬೇಕಿಲ್ಲ. 20 ಡಿಗ್ರಿಯ ಒಳಗೇ ಮುಗಿಯುತ್ತದೆ. ಅದಕ್ಕೆ ಬದಲಾಗಿ ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆಯೂ ಸ್ಟಿಯರಿಂಗಿನ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ದಪ್ಪ ಎಣ್ಣೆಯಲ್ಲಿ ಎಡಬಲ ಚಕ್ರಗಳ ವೇಗದ ವ್ಯತ್ಯಾಸ ಕುಗ್ಗಿ ತಿರುವಿನ ಆರಂಭ ಮಂದವಾಗುತ್ತದೆ, ಹೊರಬರುವಾಗಿನ ಎಳೆತ ಬಲವಾಗುತ್ತದೆ. 1/8 ಬಗ್ಗಿಗಳ ಶಾಕ್‌ಗಳು ದೊಡ್ಡವು, ಪಂದ್ಯದ ಅವಧಿಯೂ ದೀರ್ಘ. ಫೈನಲ್‌ಗಳು ಮುಕ್ಕಾಲು ಗಂಟೆ, ಒಂದು ಗಂಟೆ ನಡೆಯುವುದುಂಟು. ಅಷ್ಟು ಹೊತ್ತಿನಲ್ಲಿ ಶಾಕಿನ ಎಣ್ಣೆ ಕಾಯುತ್ತದೆ, ಟ್ರ್ಯಾಕಿನಲ್ಲಿ ಹೊಸ ಗುಂಡಿಗಳು ಬೀಳುತ್ತವೆ. ಆದ್ದರಿಂದ ಅಲ್ಲಿನ ಪಳಗಿದ ಆಟಗಾರರು ಮುಂಭಾಗವನ್ನು ಹೊಂದಿಸುವುದು ಮೊದಲ ಸುತ್ತಿನ ನುಣುಪು ನೆಲಕ್ಕಲ್ಲ, ಕೊನೆಯ ಹತ್ತು ನಿಮಿಷದ ಗುಂಡಿ ಬಿದ್ದ ನೆಲಕ್ಕೆ.